ನಾಲ್ಕು ಸ್ಪಂದಗಳಿಗೆ ಒಂದೇ ಗಡಿಯಾರ

ಪದವಿ ತರಗತಿಗಳ ಭೌತವಿಜ್ಞಾನ ಮತ್ತು ಎಲೆಕ್ಟ್ರಾನಿಕ್ಸ್ ಯೋಜನಾ ವರದಿಗಳಲ್ಲಿ ಒಂದು ಮಾತು ಪದೇ ಪದೇ ಕಾಣಿಸಿಕೊಳ್ಳುತ್ತದೆ. ಮೈಕ್ರೋಕಂಟ್ರೋಲರಿನ ಟೈಮರ್ ಬಳಸಿ ಎರಡು, ಮೂರು ಅಥವಾ ನಾಲ್ಕು ಸಂವೇದಕಗಳಿಂದ ಬರುವ ಸ್ಪಂದಗಳ ಅಗಲವನ್ನು ‘ಏಕಕಾಲದಲ್ಲಿ’ ಅಳೆಯಲಾಗಿದೆ ಎಂಬುದೇ ಆ ಮಾತು. ಕೆ.ಜಿ.ಎಫ್., ಬಂಗಾರಪೇಟೆ ಕಡೆಯ ವರದಿಗಳಲ್ಲಿ ಇದನ್ನು ಕಂಡಿದ್ದೇನೆ. ಬೆಂಗಳೂರಿನ ವರದಿಗಳೂ ಇದಕ್ಕಿಂತ ಭಿನ್ನವಲ್ಲ. ಆದರೆ ವರದಿಯ ಕೊನೆಯಲ್ಲಿ ಲಗತ್ತಿಸಿರುವ ಪ್ರೋಗ್ರಾಮನ್ನು ಓದಿದರೆ ಅಲ್ಲಿ ಸ್ಪಂದಗಳನ್ನು ಒಂದಾದ ಮೇಲೊಂದರಂತೆ ಅಳೆದಿರುವುದು ತಿಳಿಯುತ್ತದೆ. ಇದನ್ನು ಮಾತಿನ ಸಡಿಲತೆ ಎಂದು ಬಿಟ್ಟುಬಿಡುವಂತಿಲ್ಲ. ಪ್ರಯೋಗದ ಫಲಿತಾಂಶವೇ ಇದರಿಂದ ಕೆಡುತ್ತದೆ. ಕೆಟ್ಟದ್ದು ಕಣ್ಣಿಗೆ ಕಾಣುವುದೂ ಇಲ್ಲ.

ವಿಷಯಕ್ಕೆ ಹೊಸಬರಾದವರಿಗಾಗಿ ಒಂದೆರಡು ಮಾತು. ಒಂದು ತಂತಿಯ ವೋಲ್ಟೇಜು ಸೊನ್ನೆಯಿಂದ 5 ವೋಲ್ಟಿಗೆ ಏರಿ, ಸ್ವಲ್ಪ ಹೊತ್ತು ಅಲ್ಲಿಯೇ ನಿಂತು, ಮತ್ತೆ ಇಳಿದರೆ ಅದು ಒಂದು ಸ್ಪಂದ, ಅಂದರೆ ಪಲ್ಸ್. ಏರಿದ ಕ್ಷಣದಿಂದ ಇಳಿದ ಕ್ಷಣದವರೆಗಿನ ಕಾಲವೇ ಅದರ ಅಗಲ. ಫೋಟೋಗೇಟಿನ ಬೆಳಕಿನ ಕಿರಣವನ್ನು 5 ಸೆಂಟಿಮೀಟರ್ ಅಗಲದ ಕಾರ್ಡು ತಡೆದು ಹೋದಾಗ 100 ಮಿಲಿಸೆಕೆಂಡ್ ಅಗಲದ ಸ್ಪಂದ ಬಂದರೆ ಕಾರ್ಡಿನ ವೇಗ ಸೆಕೆಂಡಿಗೆ 0.50 ಮೀಟರ್. ಅಗಲ ತಪ್ಪಾದರೆ ವೇಗ ತಪ್ಪು, ವೇಗ ತಪ್ಪಾದರೆ ಸಂವೇಗ ತಪ್ಪು.

ನಮ್ಮ ವಿದ್ಯಾರ್ಥಿಗಳು ಈಗ ಹೆಚ್ಚಾಗಿ ಬಳಸುವುದು ಆರ್ಡುಯಿನೋ ಊನೋ ಫಲಕವನ್ನು. ಅದರಲ್ಲಿ ಅಗಲ ಅಳೆಯಲು ‘ಪಲ್ಸ್‌ಇನ್’ ಎಂಬ ಸಿದ್ಧ ಆದೇಶವಿದೆ. ಒಂದೇ ಒಂದು ಸ್ಪಂದವನ್ನು ಅಳೆಯಬೇಕಾದರೆ ಅದು ಬಹಳ ಅನುಕೂಲವಾದದ್ದು. ಅದನ್ನು ನಾನು ದೂರುತ್ತಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮಾತ್ರ ಗಮನಿಸಿ. ಹೇಳಿದ ಪಿನ್ನಿನಲ್ಲಿ ಆಗಲೇ ಒಂದು ಸ್ಪಂದ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಕಾಯುತ್ತದೆ. ಬಳಿಕ ಹೊಸ ಸ್ಪಂದ ಆರಂಭವಾಗುವವರೆಗೆ ಕಾಯುತ್ತದೆ. ಆಮೇಲೆ ಅದು ಮುಗಿಯುವವರೆಗೆ ಎಣಿಸುತ್ತದೆ. ಈ ಅವಧಿಯಲ್ಲೆಲ್ಲ ಉಳಿದ ಪಿನ್ನುಗಳಲ್ಲಿ ಏನಾದರೂ ಅದಕ್ಕೆ ತಿಳಿಯದು. ಗಡುವನ್ನು ನಾವೇ ಹೇಳದಿದ್ದರೆ 1 ಸೆಕೆಂಡಿನೊಳಗೆ ಸ್ಪಂದ ಬಾರದಾಗ ಸೊನ್ನೆ ಎಂಬ ಉತ್ತರ ಕೊಟ್ಟು ಮುಂದಕ್ಕೆ ಹೋಗುತ್ತದೆ. ಈ ಸೊನ್ನೆಯ ವಿಚಾರ ನೆನಪಿನಲ್ಲಿರಲಿ.

ಏರ್ ಟ್ರ್ಯಾಕಿನ ಮೇಲೆ ಎರಡು ಸಮತೂಕದ ಗ್ಲೈಡರುಗಳು ಎದುರುಬದುರಾಗಿ ಬಂದು ಸ್ಥಿತಿಸ್ಥಾಪಕ ಸಂಘಟ್ಟನೆಗೆ ಒಳಗಾಗುವ ಪ್ರಯೋಗವನ್ನು ತೆಗೆದುಕೊಳ್ಳೋಣ. ಸಂವೇಗ ಸಂರಕ್ಷಣೆಯನ್ನು ತೋರಿಸಲು ಎಲ್ಲರೂ ಆರಿಸುವ ಪ್ರಯೋಗವಿದು. ಮೊದಲನೆಯದು ಬಲಕ್ಕೆ ಸೆಕೆಂಡಿಗೆ 0.50 ಮೀಟರ್, ಎರಡನೆಯದು ಎಡಕ್ಕೆ 0.40 ಮೀಟರ್ ವೇಗದಲ್ಲಿ ಬರುತ್ತಿವೆ. ಎರಡರ ಮೇಲೂ 5 ಸೆಂಟಿಮೀಟರ್ ಅಗಲದ ಕಾರ್ಡುಗಳಿವೆ. ಎರಡೂ ತಮ್ಮ ತಮ್ಮ ಫೋಟೋಗೇಟನ್ನು ಒಂದೇ ಕ್ಷಣದಲ್ಲಿ ಪ್ರವೇಶಿಸುತ್ತವೆ, ಆಗ ಅವುಗಳ ನಡುವಿನ ಅಂತರ 36 ಸೆಂಟಿಮೀಟರ್ ಎಂದುಕೊಳ್ಳಿ. ಮೊದಲ ಗೇಟಿನಲ್ಲಿ 100 ಮಿಲಿಸೆಕೆಂಡ್, ಎರಡನೆಯದರಲ್ಲಿ 125 ಮಿಲಿಸೆಕೆಂಡ್ ಅಗಲದ ಸ್ಪಂದ ಬರುತ್ತದೆ. 0.40 ಸೆಕೆಂಡಿನ ಬಳಿಕ ಡಿಕ್ಕಿ. ಸಮತೂಕದ ಗ್ಲೈಡರುಗಳು ವೇಗವನ್ನು ಅದಲುಬದಲು ಮಾಡಿಕೊಂಡು ಹಿಂದಿರುಗುತ್ತವೆ. ಎರಡನೆಯ ಗ್ಲೈಡರಿನ ಕಾರ್ಡು 0.62ರಿಂದ 0.72 ಸೆಕೆಂಡಿನವರೆಗೆ ತನ್ನ ಗೇಟಿನಲ್ಲಿರುತ್ತದೆ. ಮೊದಲನೆಯದರ ಕಾರ್ಡು 0.775ರಿಂದ 0.900ರವರೆಗೆ. ಬೇಕಾದರೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ.

ಈಗ ವರದಿಗಳಲ್ಲಿ ಕಾಣುವ ಪ್ರೋಗ್ರಾಂ. ಮೊದಲ ಗೇಟಿಗೆ ಒಂದು ಪಲ್ಸ್‌ಇನ್, ಎರಡನೆಯ ಗೇಟಿಗೆ ಒಂದು ಪಲ್ಸ್‌ಇನ್, ಪರದೆಗೆ ಮುದ್ರಣ, ಅರ್ಧ ಸೆಕೆಂಡು ವಿರಾಮ, ಮತ್ತೆ ಮೊದಲಿನಿಂದ. ಪ್ರೋಗ್ರಾಂ ಮೊದಲ ಗೇಟಿನ ಬಳಿ ಕಾಯುತ್ತಿದ್ದಾಗ ಗ್ಲೈಡರುಗಳು ಬಂದವೆನ್ನಿ. ಮೊದಲ ಉತ್ತರ 100 ಮಿಲಿಸೆಕೆಂಡ್, ಸರಿಯಾಗಿದೆ. ಆಗ ಪ್ರೋಗ್ರಾಂ ಎರಡನೆಯ ಗೇಟಿಗೆ ತಿರುಗುತ್ತದೆ. ಅಲ್ಲಿ ಸ್ಪಂದ ಆಗಲೇ ಆರಂಭವಾಗಿ ಇನ್ನೂ 25 ಮಿಲಿಸೆಕೆಂಡ್ ಬಾಕಿ ಇದೆ. ನಿಯಮದ ಪ್ರಕಾರ ಅದನ್ನು ಬಿಟ್ಟು ಮುಂದಿನ ಸ್ಪಂದಕ್ಕೆ ಕಾಯುತ್ತದೆ. ಮುಂದಿನ ಸ್ಪಂದವೆಂದರೆ ಡಿಕ್ಕಿಯ ನಂತರದ್ದು! ಅದರ ಅಗಲವೂ 100 ಮಿಲಿಸೆಕೆಂಡ್. ಅಷ್ಟರಲ್ಲಿ ಕಾಲ 0.72 ಸೆಕೆಂಡ್. ಅರ್ಧ ಸೆಕೆಂಡಿನ ವಿರಾಮ ಮುಗಿಯುವ ಹೊತ್ತಿಗೆ ಮೊದಲ ಗ್ಲೈಡರು ತನ್ನ ಗೇಟನ್ನು ದಾಟಿ ಹೋಗಿಯಾಗಿದೆ. ಆಮೇಲೆ ಬರುವ ಎರಡು ಉತ್ತರಗಳೂ ಸೊನ್ನೆ.

ವಿದ್ಯಾರ್ಥಿಯ ಕೋಷ್ಟಕದಲ್ಲಿ ಏನಿರುತ್ತದೆ ನೋಡಿ. ಡಿಕ್ಕಿಗೆ ಮೊದಲು: 0.50 ಬಲಕ್ಕೆ, 0.50 ಎಡಕ್ಕೆ, ಒಟ್ಟು ಸಂವೇಗ ಸೊನ್ನೆ. ಡಿಕ್ಕಿಯ ನಂತರ: ಎರಡೂ ಸೊನ್ನೆ, ಒಟ್ಟು ಸಂವೇಗ ಸೊನ್ನೆ. ಸಂವೇಗ ಎಷ್ಟು ಸೊಗಸಾಗಿ ಸಂರಕ್ಷಿತವಾಗಿದೆ! ನಾಲ್ಕು ಅಂಕಿಗಳಲ್ಲಿ ಎರಡು ಡಿಕ್ಕಿಯ ಬೇರೆ ಬೇರೆ ಬದಿಯವು, ಉಳಿದೆರಡು ಯಾವ ಅಳತೆಯೂ ಅಲ್ಲ. ನಿಜವಾದ ಒಟ್ಟು ಸಂವೇಗ ಸೊನ್ನೆಯೂ ಅಲ್ಲ. ಆದರೂ ನಿಯಮ ‘ಸಿದ್ಧವಾಯಿತು’, ಅಂಕಗಳೂ ಬಂದವು. ಗ್ಲೈಡರುಗಳು ನಿಲ್ಲದೆ ಹಿಂದಕ್ಕೆ ಓಡಿದ್ದನ್ನು ಕಣ್ಣಾರೆ ಕಂಡ ಹುಡುಗಿಯೊಬ್ಬಳು ‘ಸರ್, ಪರದೆಯ ಮೇಲೆ ಸೊನ್ನೆ ಏಕೆ?’ ಎಂದು ಕೇಳಿದರೆ ಆ ತರಗತಿಯ ಭೌತವಿಜ್ಞಾನ ಉಳಿಯಿತು. ಬಹುಪಾಲು ಕಡೆ ಯಾರೂ ಕೇಳುವುದಿಲ್ಲ, ಏಕೆಂದರೆ ಅಂಕಿ ಬಂದದ್ದು ಯಂತ್ರದಿಂದ. ಸೆಟೆಯುವ ಸೂಚಿಯ ಹಳೆಯ ಮೀಟರಿನ ಮೇಲೆ ನಮಗಿದ್ದ ಅನುಮಾನ ಈ ಪರದೆಯ ಮೇಲೆ ಇಲ್ಲ.

‘ಏಕಕಾಲ’ ಎಂಬ ಪದವನ್ನು ಬೇರೆ ಊರಿನವರು ಹಗುರವಾಗಿ ಬಳಸಿದರೂ ಕೆ.ಜಿ.ಎಫ್. ಕಡೆಯವರು ಬಳಸಬಾರದು. ಆ ಪದದ ಬೆಲೆಯನ್ನು ಈ ನೆಲದ ಅಡಿಯಲ್ಲಿಯೇ ಕಟ್ಟಲಾಗಿದೆ. ಹೋಮಿ ಭಾಭಾ ಅವರ ಪ್ರೇರಣೆಯಿಂದ, ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿ ಇಲ್ಲಿನ ಗಣಿಗಳಿಗೆ ಎಣಿಕೆ ಉಪಕರಣಗಳನ್ನು ಇಳಿಸಿ ವಿಶ್ವಕಿರಣಗಳ ಮ್ಯುಆನುಗಳನ್ನು ಅಳೆದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ತಂಡ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಕಂಡಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಕಂಡಿತು. ಇಲ್ಲಿನ ಉಪಕರಣದಲ್ಲಿ ಪ್ಲಾಸ್ಟಿಕ್ ಸಿಂಟಿಲೇಟರುಗಳ ಎರಡು ಗೋಡೆಗಳಿದ್ದವು, ನಡುವೆ ನಿಯಾನ್ ಮಿಂಚುನಳಿಕೆಗಳು. ಒಂದು ಕಣ ಅಡ್ಡಲಾಗಿ ಹಾದುಹೋಯಿತು ಎಂಬುದಕ್ಕೆ ಸಾಕ್ಷಿ ಎರಡೂ ಬದಿಯ ಸ್ಪಂದಗಳು ಒಟ್ಟಿಗೆ ಬರುವುದೇ.

ಒಟ್ಟಿಗೆ ಎಂದರೆ ಎಷ್ಟು ಒಟ್ಟಿಗೆ? ಇಲ್ಲಿ ಸ್ಪಂದದ ಅಗಲವೇ ಉತ್ತರ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಎಣಿಕೆ ಉಪಕರಣಗಳು ಬಂಡೆಯ ವಿಕಿರಣಶೀಲತೆಯಿಂದ ಸೆಕೆಂಡಿಗೆ ತಲಾ 100 ಸ್ಪಂದಗಳನ್ನು ಕೊಡುತ್ತಿವೆ, ಪ್ರತಿಯೊಂದರ ಅಗಲ 1 ಮೈಕ್ರೋಸೆಕೆಂಡ್ ಎಂದು ಉದಾಹರಣೆಗೆ ಊಹಿಸಿ. ಎರಡು ಸ್ಪಂದಗಳು ಸುಮ್ಮನೆ ಆಕಸ್ಮಿಕವಾಗಿ ಒಂದರ ಮೇಲೊಂದು ಬೀಳುವ ದರವು ಎರಡೂ ದರಗಳ ಗುಣಲಬ್ಧವನ್ನು ಅಗಲಗಳ ಮೊತ್ತದಿಂದ ಗುಣಿಸಿದಷ್ಟು. ಅಂದರೆ ಸೆಕೆಂಡಿಗೆ 0.02, ಗಂಟೆಗೆ 72. ತಿಂಗಳುಗಟ್ಟಲೆ ಕಾದರೆ ಬೆರಳೆಣಿಕೆಯಷ್ಟು ಸಿಗುವ ನಿಜ ಘಟನೆಗಳನ್ನು ಹುಡುಕುವಾಗ ಗಂಟೆಗೆ 72 ಸುಳ್ಳು ಸಾಕ್ಷಿಗಳು! ಅಗಲವನ್ನು ಹತ್ತನೇ ಒಂದಕ್ಕೆ ಇಳಿಸಿದರೆ ಸುಳ್ಳು ಸಾಕ್ಷಿಗಳೂ ಅಷ್ಟೇ ಪಾಲು ಇಳಿಯುತ್ತವೆ. ಬರಿಯ ಹೊಂದಾಣಿಕೆ ಸಾಲದು, ಮಿಂಚುನಳಿಕೆಗಳಲ್ಲಿ ಕಣದ ಜಾಡೂ ಕಾಣಬೇಕೆಂದು ಆ ವಿಜ್ಞಾನಿಗಳು ಹಟ ಹಿಡಿದದ್ದು ಸುಮ್ಮನೆ ಅಲ್ಲ.

ಮುಂದೆ 1980ರಲ್ಲಿ ಅದೇ ಆಳದಲ್ಲಿ ಪ್ರೋಟಾನ್ ಕ್ಷಯವನ್ನು ಹುಡುಕಲು ಆರಂಭಿಸಿದ ಪ್ರಯೋಗದಲ್ಲಿ ಸುಮಾರು 1600 ಪ್ರಪೋರ್ಷನಲ್ ಎಣಿಕೆ ನಳಿಗೆಗಳನ್ನು 34 ಪದರಗಳಲ್ಲಿ ಜೋಡಿಸಲಾಗಿತ್ತು. ಒಟ್ಟು ತೂಕ 140 ಟನ್. ಒಂದೇ ಘಟನೆಯಲ್ಲಿ ಯಾವ ಯಾವ ನಳಿಗೆಗಳು ಮಿಡಿದವು, ಪ್ರತಿಯೊಂದರಲ್ಲೂ ಅಯಾನೀಕರಣ ಎಷ್ಟು ಎಂಬ ಎರಡೂ ಮಾಹಿತಿ ಬೇಕಿತ್ತು. ಸ್ಪಂದದ ಎತ್ತರವನ್ನು ಅಗಲವಾಗಿ ಪರಿವರ್ತಿಸಿ ಅಳೆಯುವ ಒಂದು ಜಾಣ ಉಪಾಯ ಇಂತಹ ಶೋಧಕಗಳಲ್ಲಿ ಬಳಕೆಯಲ್ಲಿದೆ. ಘಾತೀಯವಾಗಿ ಇಳಿಯುವ ಸ್ಪಂದವು ಒಂದು ನಿಗದಿತ ಮಟ್ಟದ ಮೇಲೆ ಎಷ್ಟು ಹೊತ್ತು ಇರುತ್ತದೆ ಎಂಬುದು ಎತ್ತರದ ಲಾಗರಿತಮ್ ಅನ್ನು ಅವಲಂಬಿಸುತ್ತದೆ. ಎತ್ತರ ಆ ಮಟ್ಟದ 10 ಪಟ್ಟಿದ್ದರೆ ಅಗಲ ಕಾಲಸ್ಥಿರಾಂಕದ 2.3 ಪಟ್ಟು, 100 ಪಟ್ಟಿದ್ದರೆ 4.6 ಪಟ್ಟು. ಸರ್ನ್ ಪ್ರಯೋಗಾಲಯದ ಅಟ್ಲಾಸ್ ಪಿಕ್ಸೆಲ್ ಶೋಧಕದಲ್ಲಿ ಇದೇ ತತ್ತ್ವದಿಂದ ಅಗಲವನ್ನು 25 ನ್ಯಾನೋಸೆಕೆಂಡಿನ ಗಡಿಯಾರದಲ್ಲಿ ಎಣಿಸಿದರು. ಹಲವು ಸ್ಪಂದಗಳ ಅಗಲವನ್ನು ಒಟ್ಟಿಗೆ ಅಳೆಯುವುದು ಆಟಿಕೆಗಳ ಸಮಸ್ಯೆ ಎಂದು ತಿಳಿದವರಿಗಾಗಿ ಇಷ್ಟನ್ನು ಹೇಳಬೇಕಾಯಿತು.

ಸರಿಯಾದ ವಿಧಾನ ಯಾವುದು? ಅದನ್ನು ಬಂಗಾರಪೇಟೆ ಜಂಕ್ಷನ್ನಿನಲ್ಲಿ ನಿಂತು ವಿವರಿಸುವುದು ಸುಲಭ. ಬೆಂಗಳೂರು ಕಡೆಯಿಂದ, ಜೋಲಾರಪೇಟೆ ಕಡೆಯಿಂದ, ಕೋಲಾರದಿಂದ, ಮಾರಿಕುಪ್ಪಂನಿಂದ ಗಾಡಿಗಳು ಬರುತ್ತವೆ. ಪ್ರತಿ ಗಾಡಿ ಎಷ್ಟು ಹೊತ್ತು ನಿಂತಿತೆಂದು ತಿಳಿಯಬೇಕಾಗಿದೆ. ಒಂದು ಪ್ಲಾಟ್‌ಫಾರಮ್ಮಿಗೆ ಹೋಗಿ ಗಾಡಿ ಬಂದು ಹೊರಡುವವರೆಗೆ ಅಲ್ಲಿಯೇ ನಿಂತು, ಆಮೇಲೆ ಮುಂದಿನ ಪ್ಲಾಟ್‌ಫಾರಮ್ಮಿಗೆ ಓಡುವವನು ಪಲ್ಸ್‌ಇನ್ ಪದ್ಧತಿಯವನು. ಪ್ರತಿ ಪ್ಲಾಟ್‌ಫಾರಮ್ಮಿಗೂ ಒಂದೊಂದು ಸ್ಟಾಪ್‌ವಾಚ್ ಕೊಡಿ ಎನ್ನುವುದು ಇನ್ನೊಂದು ಪದ್ಧತಿ. ನಿಲ್ದಾಣದವರು ಈ ಎರಡನ್ನೂ ಮಾಡುವುದಿಲ್ಲ. ಅಲ್ಲಿ ಎಂದೂ ನಿಲ್ಲಿಸದ, ಯಾರಿಗಾಗಿಯೂ ಸೊನ್ನೆಗೆ ತಿರುಗಿಸದ ಒಂದೇ ಗಡಿಯಾರವಿದೆ, ಒಂದು ರಿಜಿಸ್ಟರ್ ಇದೆ. ಯಾವ ಗಾಡಿ ಬಂದರೂ ಹೊರಟರೂ ಆ ಗಡಿಯಾರ ನೋಡಿ ಸಮಯ ಬರೆದುಕೊಳ್ಳುತ್ತಾರೆ. ನಾಲ್ಕು ಗಾಡಿಗಳು ಒಟ್ಟಿಗೆ ನಿಂತಿದ್ದರೂ ಗೊಂದಲವಿಲ್ಲ. ವ್ಯವಕಲನ ಆಮೇಲೆ, ಬಿಡುವಾದಾಗ.

ಮೈಕ್ರೋಕಂಟ್ರೋಲರಿನಲ್ಲಿಯೂ ಇಷ್ಟೆ. ಟೈಮರನ್ನು ಒಮ್ಮೆ ಓಡಲು ಬಿಟ್ಟು ಮತ್ತೆ ಮುಟ್ಟಬಾರದು. ನಾಲ್ಕು ಪಿನ್ನುಗಳಲ್ಲಿ ಯಾವುದು ಬದಲಾದರೂ ಇಂಟರಪ್ಟ್ ಬರುವಂತೆ ಮಾಡಬೇಕು. ಇಂಟರಪ್ಟಿನ ಮೊದಲ ಕೆಲಸ ಟೈಮರಿನ ಎಣಿಕೆಯನ್ನು ಓದಿಕೊಳ್ಳುವುದು, ಎರಡನೆಯದು ಪೋರ್ಟಿನ ಎಲ್ಲ ಪಿನ್ನುಗಳನ್ನು ಒಂದೇ ಬಾರಿಗೆ ಓದಿಕೊಳ್ಳುವುದು. ಹಿಂದಿನ ಸ್ಥಿತಿಯೊಂದಿಗೆ ಹೋಲಿಸಿದರೆ ಬದಲಾದ ಪಿನ್ ಯಾವುದೆಂದು ತಿಳಿಯುತ್ತದೆ. ಏರಿದ್ದರೆ ಎಣಿಕೆಯನ್ನು ಆರಂಭವೆಂದು ಬರೆದಿಡಿ, ಇಳಿದಿದ್ದರೆ ಆರಂಭವನ್ನು ಕಳೆಯಿರಿ. ಊನೋದಲ್ಲಿರುವ ಎಟಿಮೆಗಾ 328ಪಿ ಚಿಪ್ಪಿನಲ್ಲಿ ಮೂರು ಪೋರ್ಟುಗಳಿಗೆ ಮೂರು ಬೇರೆ ಇಂಟರಪ್ಟುಗಳಿರುವುದರಿಂದ ನಾಲ್ಕೂ ಸಂವೇದಕಗಳನ್ನು ಒಂದೇ ಪೋರ್ಟಿಗೆ ಜೋಡಿಸುವುದು ಜಾಣತನ.

ಇಷ್ಟು ಸರಳವಾದದ್ದು ನಮ್ಮ ತರಗತಿಗಳಿಗೆ ಏಕೆ ಬರಲಿಲ್ಲ? ನನ್ನ ಅಭಿಪ್ರಾಯದಲ್ಲಿ ಇದರ ಬೇರು 8051ರ ಪಾಠದಲ್ಲಿದೆ. ಆ ಚಿಪ್ಪಿನ ಟೈಮರಿಗೆ ‘ಗೇಟ್’ ಎಂಬ ಒಂದು ಬಿಟ್ ಇದೆ. ಅದನ್ನು 1 ಮಾಡಿದರೆ ಹೊರಗಿನ ಪಿನ್ ಎತ್ತರದ ಮಟ್ಟದಲ್ಲಿ ಇರುವಷ್ಟು ಹೊತ್ತು ಮಾತ್ರ ಟೈಮರ್ ಎಣಿಸುತ್ತದೆ. ಸ್ಪಂದ ಮುಗಿದಾಗ ಎಣಿಕೆಯೇ ಅಗಲ. ಸುಂದರವಾದ ವ್ಯವಸ್ಥೆ, ಪರೀಕ್ಷೆಯಲ್ಲಿ ಕೇಳಲೂ ಅನುಕೂಲ. ಆದರೆ ಇದು ಸ್ಟಾಪ್‌ವಾಚ್ ಪದ್ಧತಿ. ಒಂದು ಸ್ಪಂದಕ್ಕೆ ಒಂದು ಟೈಮರ್, ಪ್ರತಿ ಸಲವೂ ಸೊನ್ನೆಯಿಂದ ಆರಂಭ. ಎರಡು ಟೈಮರುಗಳಿರುವ ಚಿಪ್ಪಿನಲ್ಲಿ ಮೂರನೆಯ ಸ್ಪಂದಕ್ಕೆ ಜಾಗವಿಲ್ಲ. ಈ ಪಾಠ ಕಲಿತವರು ಹೊಸ ಚಿಪ್ಪು ಸಿಕ್ಕಾಗಲೂ ಮೊದಲು ಕೇಳುವ ಪ್ರಶ್ನೆ ‘ಇದರಲ್ಲಿ ಎಷ್ಟು ಟೈಮರುಗಳಿವೆ?’ ಎಂಬುದು.

ಸೊನ್ನೆಯಿಂದ ಆರಂಭಿಸುವ ಟೈಮರುಗಳಲ್ಲಿ ಇನ್ನೊಂದು ನಷ್ಟವಿದೆ. ಅಗಲ ಸಿಗುತ್ತದೆ, ಯಾವ ಸ್ಪಂದ ಯಾವುದಕ್ಕಿಂತ ಎಷ್ಟು ಮುಂಚೆ ಬಂತು ಎಂಬುದು ಸಿಗುವುದಿಲ್ಲ. ಕೆ.ಜಿ.ಎಫ್. ಗಣಿಗಳಲ್ಲಿ ಬಂಡೆಸಿಡಿತ ಸಂಭವಿಸಿದ ಸ್ಥಳವನ್ನು ಗುರುತಿಸಲು ಜಿಯೋಫೋನುಗಳ ಜಾಲವಿತ್ತು. ಕಂಪನವು ಒಂದೊಂದು ಜಿಯೋಫೋನಿಗೆ ತಲಪಿದ ವೇಳೆಗಳ ಅಂತರದಿಂದ ಸ್ಥಳವನ್ನು ಲೆಕ್ಕ ಹಾಕುತ್ತಾರೆ. ಗಟ್ಟಿ ಬಂಡೆಯಲ್ಲಿ ಕಂಪನದ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಅಂದರೆ ವೇಳೆಯಲ್ಲಿ 1 ಮಿಲಿಸೆಕೆಂಡ್ ತಪ್ಪಿದರೆ ದೂರದಲ್ಲಿ 6 ಮೀಟರ್ ತಪ್ಪು. ಅಲ್ಲಿ ಎಲ್ಲರಿಗೂ ಒಂದೇ ಗಡಿಯಾರ ಬೇಕೆಂಬುದನ್ನು ಯಾರೂ ವಾದಿಸಿ ಸಾಧಿಸಬೇಕಾಗಿಲ್ಲ. ನಮ್ಮ ಗ್ಲೈಡರು ಪ್ರಯೋಗದಲ್ಲಿಯೂ ಯಾವ ಸ್ಪಂದ ಡಿಕ್ಕಿಗೆ ಮುಂಚಿನದು, ಯಾವುದು ನಂತರದ್ದು ಎಂಬುದನ್ನು ಹೇಳಬಲ್ಲದ್ದು ಈ ಸಾಮಾನ್ಯ ಗಡಿಯಾರವೇ. ಜೊತೆಗೆ ಒಂದು ಲಾಭ: ಊನೋದ ಮುಖ್ಯ ಚಿಪ್ಪಿಗೆ ಇರುವುದು ಸಿರಾಮಿಕ್ ರೆಸೊನೇಟರ್, ಅದು ಸ್ವಲ್ಪ ನಿಧಾನವಾಗಿ ಓಡಿದರೂ ನಾಲ್ಕೂ ವೇಗಗಳು ಒಂದೇ ಪ್ರಮಾಣದಲ್ಲಿ ತಪ್ಪುತ್ತವೆ, ಸಂವೇಗದ ಹೋಲಿಕೆ ಕೆಡುವುದಿಲ್ಲ.

ಹಾಗೆಂದು ಇಂಟರಪ್ಟ್ ಬರೆದವರೆಲ್ಲ ಗೆದ್ದರು ಎನ್ನುವಂತಿಲ್ಲ. ಓಡುವ ಗಡಿಯಾರದಲ್ಲೂ ಒಂದು ಗುಂಡಿ ಇದೆ. 16 ಬಿಟ್ಟಿನ ಟೈಮರ್ 65,535 ಆದ ಮೇಲೆ ಸೊನ್ನೆಗೆ ಬರುತ್ತದೆ. ನಿಲ್ದಾಣದ ಗಡಿಯಾರದಲ್ಲಿ ನಡುರಾತ್ರಿ ಕಳೆದಂತೆ. 16 ಮೆಗಾಹರ್ಟ್ಸ್ ಗಡಿಯಾರವನ್ನು 64ರಿಂದ ಭಾಗಿಸಿದರೆ ಒಂದು ಎಣಿಕೆಗೆ 4 ಮೈಕ್ರೋಸೆಕೆಂಡ್, ಪೂರ್ಣ ಸುತ್ತಿಗೆ 262.144 ಮಿಲಿಸೆಕೆಂಡ್. ಸ್ಪಂದ 65,000ದಲ್ಲಿ ಆರಂಭವಾಗಿ ಮುಂದಿನ ಸುತ್ತಿನ 300ರಲ್ಲಿ ಮುಗಿದರೆ ಚಿಹ್ನೆಯಿಲ್ಲದ 16 ಬಿಟ್ಟಿನ ವ್ಯವಕಲನ ತಾನಾಗಿಯೇ 836 ಎಂಬ ಸರಿಯುತ್ತರ ಕೊಡುತ್ತದೆ. ವಿದ್ಯಾರ್ಥಿಗಳು ಇಲ್ಲಿ ಅನಗತ್ಯವಾಗಿ ‘ಇಳಿದದ್ದು ಚಿಕ್ಕದಾದರೆ’ ಎಂಬ ಷರತ್ತು ಬರೆಯುತ್ತಾರೆ, ಇರಲಿ. ನಿಜವಾದ ಅಪಾಯ ಸ್ಪಂದವು ಪೂರ್ಣ ಸುತ್ತಿಗಿಂತ ಉದ್ದವಿದ್ದಾಗ. ಸೆಕೆಂಡಿಗೆ 0.10 ಮೀಟರ್ ವೇಗದಲ್ಲಿ ತೆವಳುವ ಗ್ಲೈಡರಿನ ಸ್ಪಂದ 500 ಮಿಲಿಸೆಕೆಂಡ್. ಉಪಕರಣ ತೋರಿಸುವುದು 237.856 ಮಿಲಿಸೆಕೆಂಡ್. ವೇಗ 0.21 ಎಂದು ಬರುತ್ತದೆ, ನಿಜದ ಎರಡು ಪಟ್ಟಿಗೂ ಹೆಚ್ಚು. ಯಾವ ಎಚ್ಚರಿಕೆಯ ಗಂಟೆಯೂ ಬಾರಿಸುವುದಿಲ್ಲ. ಸುತ್ತುಗಳನ್ನು ಬೇರೆಯಾಗಿ ಎಣಿಸಬೇಕು, ಇಲ್ಲವೇ ಆರ್ಡುಯಿನೋದ ‘ಮೈಕ್ರೋಸ್’ ಎಂಬ 32 ಬಿಟ್ಟಿನ ಗಡಿಯಾರ ಬಳಸಬೇಕು. ಅದೂ ಎಂದೂ ನಿಲ್ಲದ ಗಡಿಯಾರವೇ. ಊನೋದಲ್ಲಿ ಅದರ ಹೆಜ್ಜೆ 4 ಮೈಕ್ರೋಸೆಕೆಂಡ್, ಸುತ್ತು ಸುಮಾರು 71 ನಿಮಿಷಕ್ಕೊಮ್ಮೆ.

4 ಮೈಕ್ರೋಸೆಕೆಂಡ್ ಸಾಕೇ ಎಂದು ಕೇಳುವವರಿದ್ದಾರೆ. 100 ಮಿಲಿಸೆಕೆಂಡಿನಲ್ಲಿ ಅದು ಶೇಕಡಾ 0.004. ಕಾರ್ಡಿನ ಅಗಲವನ್ನು ಅಳತೆಪಟ್ಟಿಯಿಂದ ಅರ್ಧ ಮಿಲಿಮೀಟರ್ ತಪ್ಪಿ ಅಳೆದರೆ ಶೇಕಡಾ 1. ವೇಗವನ್ನು ಆರು ದಶಮಾಂಶ ಸ್ಥಾನಗಳವರೆಗೆ ಮುದ್ರಿಸಿ ಕಾರ್ಡನ್ನು ಕತ್ತರಿಯಿಂದ ಅಂದಾಜಿನಲ್ಲಿ ಕತ್ತರಿಸಿದ ವರದಿಗಳಿಗೆ ಏನು ಹೇಳೋಣ?

ಸ್ಪಂದಗಳು ಕಿರಿದಾದಂತೆ ಚಿತ್ರ ಬದಲಾಗುತ್ತದೆ. ಇಂಟರಪ್ಟ್ ಬಂದು ಟೈಮರನ್ನು ಓದುವ ಹೊತ್ತಿಗೆ ಕೆಲವು ಮೈಕ್ರೋಸೆಕೆಂಡ್ ಕಳೆದಿರುತ್ತದೆ. ಏರುವಾಗಲೂ ಇಳಿಯುವಾಗಲೂ ಒಂದೇ ವಿಳಂಬವಾದರೆ ವ್ಯವಕಲನದಲ್ಲಿ ಹೋಗಿಬಿಡುತ್ತದೆ. ಕೆಲವೊಮ್ಮೆ ಒಂದು ಸ್ಪಂದದ ಅಂಚು ಇನ್ನೊಂದರ ಇಂಟರಪ್ಟ್ ನಡೆಯುತ್ತಿರುವಾಗ ಬಂದು ಸರದಿಯಲ್ಲಿ ನಿಲ್ಲುತ್ತದೆ. ಆರ್ಡುಯಿನೋ ತನ್ನ ಕಾಲಗಣನೆಗಾಗಿ 1.024 ಮಿಲಿಸೆಕೆಂಡಿಗೊಮ್ಮೆ ನಡೆಸುವ ಇಂಟರಪ್ಟೂ ಅಡ್ಡ ಬರುತ್ತದೆ. ಹೀಗೆ ಬರುವ ಏರುಪೇರು ವ್ಯವಕಲನದಿಂದ ಹೋಗದು. 1ರಿಂದ 2 ಮಿಲಿಸೆಕೆಂಡಿನ ಸರ್ವೋ ಸಂಕೇತಗಳಿಗೆ ಇದು ನಡೆದೀತು. 20 ಮೈಕ್ರೋಸೆಕೆಂಡಿನ ಸ್ಪಂದಗಳಿಗೆ ನಡೆಯದು. ಅಲ್ಲಿ ಹಾರ್ಡ್‌ವೇರ್ ತಾನೇ ಎಣಿಕೆಯನ್ನು ಹಿಡಿದಿಡುವ ‘ಇನ್‌ಪುಟ್ ಕ್ಯಾಪ್ಚರ್’ ಬೇಕು. ಎಟಿಮೆಗಾ 328ಪಿಯಲ್ಲಿ ಅದು ಒಂದೇ ಇದೆ. ಎಸ್‌ಟಿಎಂ32ಎಫ್103ರ ಒಂದು ಸಾಮಾನ್ಯ ಟೈಮರಿಗೆ ಅಂತಹ ನಾಲ್ಕು ದಾರಿಗಳಿವೆ. ನಾಲ್ಕೂ ಒಂದೇ ಗಡಿಯಾರವನ್ನು ಓದುತ್ತವೆ ಎಂಬುದನ್ನು ಗಮನಿಸಿ. 8051ರ ಕುಟುಂಬದಲ್ಲಿಯೂ ಐದು ಕ್ಯಾಪ್ಚರ್ ಘಟಕಗಳಿಗೆ ಒಂದೇ ಎಣಿಕೆ ಇರುವ ಚಿಪ್ಪುಗಳು ಬಹು ಹಿಂದೆಯೇ ಬಂದಿದ್ದವು. ನಮ್ಮ ಪಾಠಗಳು ಅಲ್ಲಿಯವರೆಗೆ ಹೋಗಲಿಲ್ಲ, ಅಷ್ಟೆ.

ಹಾಗಾದರೆ ಅಧ್ಯಾಪಕರು ಪರಿಶೀಲಿಸುವುದು ಹೇಗೆ? ನಾಲ್ಕು ಪಿನ್ನುಗಳಿಗೂ ಒಂದೇ ಸಂಕೇತವನ್ನು ಕೊಟ್ಟು ನಾಲ್ಕು ಅಂಕಿಗಳೂ ಒಂದೇ ಬಂದವೆಂದು ತೋರಿಸುವ ವಿದ್ಯಾರ್ಥಿಗಳಿದ್ದಾರೆ. ಈ ಪರೀಕ್ಷೆ ಮೋಸದ್ದು. ಒಂದೇ ಪೋರ್ಟಿನ ನಾಲ್ಕು ಪಿನ್ನುಗಳು ಒಟ್ಟಿಗೆ ಬದಲಾದರೆ ಇಂಟರಪ್ಟ್ ಒಂದೇ, ಓದಿದ ಎಣಿಕೆಯೂ ಒಂದೇ. ಉತ್ತರಗಳು ಒಂದೇ ಆಗದೆ ಇನ್ನೇನಾಗುತ್ತವೆ? ಅದರ ಬದಲು ಇನ್ನೊಂದು ಊನೋವನ್ನು ಸಂಕೇತ ಕೊಡುವ ಯಂತ್ರವನ್ನಾಗಿ ಮಾಡಿ. ಅದು 1.5 ಮಿಲಿಸೆಕೆಂಡ್ ಅಗಲದ ನಾಲ್ಕು ಸ್ಪಂದಗಳನ್ನು ಕೊಡಲಿ, ಒಂದರ ಆರಂಭಕ್ಕೂ ಮುಂದಿನದರ ಆರಂಭಕ್ಕೂ 5 ಮೈಕ್ರೋಸೆಕೆಂಡ್ ಅಂತರವಿರಲಿ. ಹೀಗೆ ಸಾವಿರ ಸಲ ಅಳೆದು ಪ್ರತಿ ಪಿನ್ನಿನ ಸರಾಸರಿಯನ್ನೂ ಅತಿ ಹೆಚ್ಚು, ಅತಿ ಕಡಿಮೆ ಬೆಲೆಗಳನ್ನೂ ಬರೆಯಿಸಿ. ಬಳಿಕ ಅಂತರವನ್ನು 50 ಮೈಕ್ರೋಸೆಕೆಂಡಿಗೆ ಹೆಚ್ಚಿಸಿ ಮತ್ತೆ ಅಳೆಯಲಿ. ಸಂಕೇತ ಕೊಡುವ ಯಂತ್ರದ ಪ್ರೋಗ್ರಾಮಿನಲ್ಲಿ ಆ ಹೊತ್ತಿಗೆ ಇಂಟರಪ್ಟುಗಳನ್ನು ನಿಲ್ಲಿಸಿರಬೇಕು, ಇಲ್ಲದಿದ್ದರೆ ಅದರ ಏರುಪೇರು ಇದರ ಲೆಕ್ಕಕ್ಕೆ ಬೀಳುತ್ತದೆ. ಎರಡು ಕೋಷ್ಟಕಗಳಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬೆಲೆಗಳ ನಡುವಿನ ಅಂತರ ಎಷ್ಟು ಬದಲಾಯಿತೋ ಅಷ್ಟು ಭಾಗ ಅಂಚುಗಳು ಸರದಿಯಲ್ಲಿ ನಿಂತದ್ದರಿಂದ ಬಂದದ್ದು. ವರದಿಯಲ್ಲಿ ಅಳತೆಯ ದೋಷವೆಂದು ಬರೆಯಬೇಕಾದದ್ದು ಮೊದಲ ಕೋಷ್ಟಕದ ಅಂಕಿಯನ್ನು; ಟೈಮರಿನ 4 ಮೈಕ್ರೋಸೆಕೆಂಡನ್ನಲ್ಲ.